ಪಾಯಿಂಟ್ ಕೊಟ್ಟವರು ಯಾರು?

2012ರ ನವೆಂಬರಿನಲ್ಲಿ ಕೆಜಿಎಫ್ ಜನ ಬೀದಿಗಿಳಿದರು. ಗಣಿ ಮುಚ್ಚಿ ಹನ್ನೊಂದು ವರ್ಷ ಕಳೆದಿತ್ತು. ಈ ಸಲದ ಜಗಳ ಸಂಬಳದ್ದಲ್ಲ, ಬಾಕಿ ಹಣದ್ದೂ ಅಲ್ಲ. ಕೂಡಂಕುಳಂ ಅಣುಸ್ಥಾವರದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದ ಮೊಕದ್ದಮೆಯಲ್ಲಿ, ವಿಕಿರಣ ಸೂಸುವ ತ್ಯಾಜ್ಯವನ್ನು ಕೊನೆಗೆ ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಎದ್ದಿತ್ತು. ಉತ್ತರದಲ್ಲಿ ಕೋಲಾರದ ಪಾಳುಬಿದ್ದ ಚಿನ್ನದ ಗಣಿಯ ಹೆಸರು ಕೇಳಿಬಂತು. ಆಗ ಮುಖ್ಯಮಂತ್ರಿಯಾಗಿದ್ದ ಜಗದೀಶ ಶೆಟ್ಟರ್ ಇದಕ್ಕೆ ರಾಜ್ಯ ಒಪ್ಪುವುದಿಲ್ಲ ಎಂದರು. ಸ್ವಲ್ಪ ದಿನಕ್ಕೇ ಕೇಂದ್ರದ ಕಡೆಯವರು, ಅಲ್ಲಿ ಹೂಳುವ ಯೋಜನೆಯೇ ಇಲ್ಲ, ಹಿಂದೊಮ್ಮೆ ಪ್ರಯೋಗ ನಡೆದದ್ದಷ್ಟೇ ಎಂದು ಸಮಜಾಯಿಷಿ ಕೊಟ್ಟರು.

ಪ್ರಯೋಗ ನಡೆದದ್ದು ನಿಜ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೋಲಾರದ ಗಣಿಯ ಕೆಲಸ ನಿಂತ ಒಂದು ಭಾಗದಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಒಂದು ಕೋಣೆ ಮಾಡಿಕೊಂಡಿದ್ದರು. ಅಲ್ಲಿಯದು ಆಂಫಿಬೊಲೈಟ್ ಎಂಬ ಗಟ್ಟಿ ಕಪ್ಪು ಕಲ್ಲು. ಅದರಲ್ಲಿ ರಂಧ್ರ ಕೊರೆದು ವಿದ್ಯುತ್ ಹೀಟರ್ ಇಳಿಸಿ, ವರ್ಷಗಟ್ಟಲೆ ಕಾಯಿಸಿ, ಕಲ್ಲು ಹೇಗೆ ಹಿಗ್ಗುತ್ತದೆ, ಎಲ್ಲಿ ಒತ್ತಡ ಏರುತ್ತದೆ, ಶಾಖ ಎಷ್ಟು ದೂರ ಹರಿಯುತ್ತದೆ ಎಂದು ಅಳೆದರು. ಅಣುಸ್ಥಾವರದ ತೀವ್ರ ತ್ಯಾಜ್ಯವನ್ನು ನಮ್ಮ ದೇಶದಲ್ಲಿ ಗಾಜಿನೊಳಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ತುಂಬುತ್ತಾರೆ. ಆ ಗಾಜು ದಶಕಗಟ್ಟಲೆ ಬಿಸಿ ಕಕ್ಕುತ್ತಲೇ ಇರುತ್ತದೆ. ಆ ಬಿಸಿಯನ್ನು ಕಲ್ಲು ತಾಳುತ್ತದೆಯೇ ಎಂಬುದೇ ಪ್ರಯೋಗದ ಪ್ರಶ್ನೆ. ಅಲ್ಲಿಗೆ ಇಳಿಸಿದ್ದು ಹೀಟರು, ವಿಕಿರಣ ವಸ್ತುವಲ್ಲ. ವೈಜ್ಞಾನಿಕ ಲೇಖನಗಳಲ್ಲಿ ಇದೆಲ್ಲ ಅಚ್ಚಾಗಿದೆ. ಊರಿನ ಬೀದಿಯಲ್ಲಿ ಅದು ಸುದ್ದಿಯಾದದ್ದು ಮಾತ್ರ ದಶಕಗಳ ನಂತರ, ಅದೂ ಕೋರ್ಟಿನ ದಾರಿಯಿಂದ.

ಇಂಥ ಸಂದರ್ಭದಲ್ಲಿ ಎರಡು ಮಾತು ಕೇಳಿಬರುವುದು ವಾಡಿಕೆ. ವಿಜ್ಞಾನಿಗಳು ಸರಿಯಾದ ಜಾಗ ಹುಡುಕಿದ್ದರು, ರಾಜಕೀಯದವರು ಕೆಡಿಸಿದರು ಎಂಬುದು ಒಂದು. ವಿಜ್ಞಾನಿಗಳು ಸರ್ಕಾರ ಹೇಳಿದ್ದಕ್ಕೆ ತಲೆಯಾಡಿಸುವವರು, ಜನ ಉಳಿಸಿಕೊಂಡರು ಎಂಬುದು ಇನ್ನೊಂದು. ನಾನು ಬಳ್ಳಾರಿಯವನು, ಸಿರುಗುಪ್ಪ, ಕುರುಗೋಡು ಕಡೆ ಬೋರ್‌ವೆಲ್ಲಿಗೆ ಪಾಯಿಂಟ್ ಕೊಡುತ್ತ ಬದುಕಿದ ಭೂವಿಜ್ಞಾನಿ. ನನಗೆ ಈ ಎರಡು ಮಾತೂ ರುಚಿಸುವುದಿಲ್ಲ. ನೆಲಕ್ಕೆ ತೂತು ಎಲ್ಲಿ ಹೊಡೆಯಬೇಕು ಎಂಬುದನ್ನು ತೀರ್ಮಾನಿಸುವ ಕೆಲಸ ಅಷ್ಟು ಸಲೀಸಾಗಿ ಎರಡು ಪಾಲಾಗುವುದಿಲ್ಲ.

ಸಿರುಗುಪ್ಪದ ಕಡೆಯ ಒಂದು ಊರಿನ ಕತೆ ಹೇಳುತ್ತೇನೆ. ಬರಗಾಲದ ವರ್ಷ, ಕುಡಿಯುವ ನೀರಿನ ಬೋರು. ನಾಲ್ಕು ಕಬ್ಬಿಣದ ಗೂಟ ನೆಟ್ಟು ರೆಸಿಸ್ಟಿವಿಟಿ ಮೀಟರ್ ಓದಿ, ಊರಾಚೆಯ ತಗ್ಗಿನಲ್ಲಿ ಕಪ್ಪು ಡೈಕ್ ಕಲ್ಲು ಅಡ್ಡ ಹಾಯ್ದ ಕಡೆ ಸುಣ್ಣದ ಗುರುತು ಹಾಕಿಸಿ ಬಂದೆ. ಮುಂದಿನ ವಾರ ಹೋದರೆ ತಿರುಚೆಂಗೋಡಿನ ರಿಗ್ಗು ಊರೊಳಗೆ, ಒಬ್ಬ ಹಿರಿಯರ ದನದ ಕೊಟ್ಟಿಗೆಯ ಮುಂದೆ ನಿಂತಿತ್ತು. ಮುನ್ನೂರು ಅಡಿಯಾದರೂ ಬಿಳಿ ಪುಡಿಯೇ ಹಾರುತ್ತಿತ್ತು, ಒಂದು ಹನಿ ತೇವವಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜ ಕೇಳಿದ: "ಸಾಹೇಬ್ರ, ನೀವು ಹಾಕಿದ ಪಾಯಿಂಟಿಗೆ ಕಾಲು ಬಂದ್ವೇನ್ರಿ?" ನಗು ಬಂತು, ನಗಲಾಗಲಿಲ್ಲ. ಏಕೆಂದರೆ ಕಡತದಲ್ಲಿ ಬರೆದದ್ದು ಏನು ಗೊತ್ತೇ? "ಭೂವಿಜ್ಞಾನಿಯ ಸಲಹೆಯಂತೆ." ಗ್ರಾಮಸಭೆಯಲ್ಲಿ, "ತಗ್ಗು ದೂರ ಆಯ್ತು, ಹೆಣ್ಮಕ್ಕಳು ಹೊರೋಕೆ ಆಗಲ್ಲ, ಊರೊಳಗೆ ಎಲ್ಲಿ ಸಾಧ್ಯ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿದ್ದರೆ ನಾನೇ ಎರಡನೆಯ, ಮೂರನೆಯ ಜಾಗ ತೋರಿಸುತ್ತಿದ್ದೆ. ಅದೂ ರಾಜಕೀಯವೇ, ಆದರೆ ಎದುರೆದುರೇ ಮಾಡುವ ರಾಜಕೀಯ. ಬೋರು ಒಣಗಿದ್ದು ರಾತ್ರಿ ಜಾಗ ಬದಲಿಸಿ ಬೆಳಿಗ್ಗೆ ವಿಜ್ಞಾನದ ಮೊಹರು ಒತ್ತಿದ ರಾಜಕೀಯದಿಂದ. ತ್ಯಾಜ್ಯ ಹೂಳುವ ಜಾಗಗಳ ಚರಿತ್ರೆ ಓದುತ್ತ ಹೋದಂತೆ ನನಗೆ ದೇಶದೇಶದಲ್ಲೂ ಈ ಮೊಹರೇ ಕಾಣುತ್ತದೆ.

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಲಯನ್ಸ್ ಎಂಬ ಸಣ್ಣ ಊರಿದೆ. ಅದರ ಕೆಳಗೆ ಹಳೆಯ ಉಪ್ಪಿನ ಗಣಿ. ನೀರು ಹರಿದಿದ್ದರೆ ಉಪ್ಪು ಕರಗಿಹೋಗಿರಬೇಕಿತ್ತು. ಉಳಿದಿದೆ ಎಂದರೆ ಅಲ್ಲಿ ನೀರಿಲ್ಲ. ಈ ತರ್ಕ ಸರಳ, ತಕ್ಕಮಟ್ಟಿಗೆ ಸರಿಯೂ ಹೌದು. 1960ರ ದಶಕದ ನಡುವೆ ಆ ಗಣಿಯಲ್ಲಿ ಪ್ರಯೋಗ ನಡೆಯಿತು. 1970ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಅದನ್ನೇ ರಾಷ್ಟ್ರೀಯ ತ್ಯಾಜ್ಯಾಗಾರವೆಂದು ಸಾರಿಬಿಟ್ಟಿತು. ರಾಜ್ಯದ ಭೂಗರ್ಭ ಸಮೀಕ್ಷೆಯ ಮುಖ್ಯಸ್ಥ ವಿಲಿಯಂ ಹ್ಯಾಂಬಲ್ಟನ್ ಇನ್ನೂ ಪರೀಕ್ಷೆ ಆಗಬೇಕು ಎಂದರೆ ಆಯೋಗ ಕಿವಿಗೊಡಲಿಲ್ಲ. ಕಾಂಗ್ರೆಸ್ ಸದಸ್ಯ ಜೋ ಸ್ಕುಬಿಟ್ಜ್ ಗದ್ದಲ ಎಬ್ಬಿಸಿದರು. ಆಮೇಲೆ ಒಂದೊಂದೇ ಹೊರಬಿತ್ತು: ಸುತ್ತಲ ನೆಲದಲ್ಲಿ ಎಣ್ಣೆ, ಅನಿಲ ಹುಡುಕಲು ಹಿಂದೆ ಕೊರೆದು ಬಿಟ್ಟ ಹಳೆಯ ಬಾವಿಗಳಿದ್ದವು, ಪಕ್ಕದ ಉಪ್ಪಿನ ಕಂಪನಿ ನೆಲದೊಳಗೆ ಒತ್ತಿದ ನೀರಿನಲ್ಲಿ ಸುಮಾರು 1,75,000 ಗ್ಯಾಲನ್ ಎಲ್ಲಿ ಹೋಯಿತೆಂದೇ ತಿಳಿದಿರಲಿಲ್ಲ. 1972ರಲ್ಲಿ ಲಯನ್ಸ್ ಕೈಬಿಟ್ಟರು. ರಾಜಕಾರಣಿ ಕಿರುಚಿದ್ದರಿಂದ ಭೂವಿಜ್ಞಾನಿಯ ಮಾತು ಕೇಳಿಸಿತು ಎಂಬುದು ಇಲ್ಲಿನ ವಿಶೇಷ. ಬೋರ್‌ವೆಲ್ ಕೆಲಸದವನಾಗಿ ನನಗೆ ಆ ಹಳೆಯ ಬಾವಿಗಳ ಸಂಗತಿ ಇನ್ನೂ ಚುಚ್ಚುತ್ತದೆ. ಫೇಲಾದ ಬೋರಿನ ಮೇಲೆ ಚಪ್ಪಡಿ ಎಳೆದು, ಕೇಸಿಂಗ್ ಪೈಪು ಕಿತ್ತುಕೊಂಡು ಹೋಗುವ ನಮ್ಮ ಸೀಮೆಯಲ್ಲಿ, ಎಲ್ಲೆಲ್ಲಿ ತೂತು ಹೊಡೆದಿದ್ದೇವೆ ಎಂಬ ಪೂರ್ತಿ ಲೆಕ್ಕ ಯಾರ ಪುಸ್ತಕದಲ್ಲಿದೆ?

ಹದಿನೈದು ವರ್ಷದ ನಂತರ ಅಮೆರಿಕ ಅದೇ ಪಾಠವನ್ನು ತಲೆಕೆಳಗಾಗಿ ಓದಿತು. 1982ರ ಕಾಯ್ದೆ ಚೆನ್ನಾಗಿಯೇ ಇತ್ತು: ಹಲವು ಜಾಗ ಹೋಲಿಸಬೇಕು, ಎರಡು ತ್ಯಾಜ್ಯಾಗಾರ ಇರಬೇಕು. ಪಶ್ಚಿಮಕ್ಕೊಂದು ಪೂರ್ವಕ್ಕೊಂದು ಎಂಬುದು ಆಗಿನ ತಿಳುವಳಿಕೆ. 1986ರಲ್ಲಿ ಪಟ್ಟಿ ಮೂರಕ್ಕೆ ಇಳಿಯಿತು: ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್, ಟೆಕ್ಸಸ್‌ನ ಡೆಫ್ ಸ್ಮಿತ್ ಕೌಂಟಿ, ನೆವಾಡದ ಯಕ್ಕಾ ಬೆಟ್ಟ. ಪೂರ್ವದ ರಾಜ್ಯಗಳಲ್ಲಿನ ಹುಡುಕಾಟ ಅದೇ ವರ್ಷ ನಿಂತಿತು. 1987ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಕಾಯ್ದೆ ತಿದ್ದಿ, ಯಕ್ಕಾ ಬೆಟ್ಟವೊಂದನ್ನೇ ನೋಡಿ, ಉಳಿದವು ಬೇಡ ಎಂದಿತು. ಆಗ ಕೆಳಮನೆಯ ಸ್ಪೀಕರ್ ಟೆಕ್ಸಸ್‌ನವರು, ಬಹುಮತದ ನಾಯಕರು ವಾಷಿಂಗ್ಟನ್ ರಾಜ್ಯದವರು. ನೆವಾಡಕ್ಕೆ ಆ ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ನೆವಾಡದವರು ಆ ತಿದ್ದುಪಡಿಗೆ ಇಟ್ಟ ಹೆಸರು ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.

ಆಮೇಲೆ ಅಲ್ಲಿ ನಡೆದ ವಿಜ್ಞಾನ ಕಡಿಮೆಯದೇನೂ ಅಲ್ಲ. ಬೆಟ್ಟದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ಕೊರೆದರು. 1996ರ ಹೊತ್ತಿಗೆ, ನೆತ್ತಿಯಿಂದ ಸುಮಾರು ಮುನ್ನೂರು ಮೀಟರ್ ಕೆಳಗೆ, ಸುರಂಗದ ಕಲ್ಲಿನಲ್ಲಿ ಕ್ಲೋರಿನ್-36 ಎಂಬ ಐಸೊಟೋಪ್ ಲೆಕ್ಕಕ್ಕಿಂತ ಹೆಚ್ಚು ಸಿಕ್ಕಿತು. 1950ರ ದಶಕದಲ್ಲಿ ಪೆಸಿಫಿಕ್ ಸಾಗರದಲ್ಲಿ ಸಿಡಿಸಿದ ಬಾಂಬುಗಳಿಂದ ಗಾಳಿಗೆ ಸೇರಿ ಮಳೆಯ ಜೊತೆ ಇಳಿದದ್ದು ಅದು ಎಂದು ಅಳೆದವರು ಹೇಳಿದರು. ಹಾಗಾದರೆ ಆ ಮಳೆನೀರು ಐವತ್ತು ವರ್ಷದೊಳಗೆ ಬಿರುಕು ಹಿಡಿದು ಕೆಳಗೆ ಬಂದಿತ್ತು. ಬೇರೆ ಪ್ರಯೋಗಾಲಯದವರು ಅಳೆದಾಗ ಅಷ್ಟು ಸಿಗಲಿಲ್ಲ, ವಾದ ಬಗೆಹರಿಯಲಿಲ್ಲ. ಬೇರೆಲ್ಲಾದರೂ ಆಗಿದ್ದರೆ, "ಹಾಗಾದರೆ ಪಕ್ಕದ ಜಾಗ ನೋಡೋಣ" ಎನ್ನಬಹುದಿತ್ತು. ಪಕ್ಕದ ಜಾಗವನ್ನು ಕಾನೂನೇ ಅಳಿಸಿಹಾಕಿತ್ತು. 2002ರಲ್ಲಿ ಒಬ್ಬ ಅಧ್ಯಕ್ಷರು ಒಪ್ಪಿಗೆ ಕೊಟ್ಟರು, ಮುಂದಿನ ಅಧ್ಯಕ್ಷರು 2010ರ ಹೊತ್ತಿಗೆ ನಿಲ್ಲಿಸಿದರು. ನೆವಾಡದ ಸೆನೆಟರ್ ಹ್ಯಾರಿ ರೀಡ್ 1987ರಲ್ಲಿ ಆಗಷ್ಟೇ ಗೆದ್ದು ಬಂದ ಕಿರಿಯ. ನಿಲ್ಲಿಸುವಾಗ ಸೆನೆಟಿನ ಬಹುಮತದ ನಾಯಕ.

ಜರ್ಮನಿಯಲ್ಲಿ ಇದು ಇನ್ನೂ ನೇರ. 1977ರಲ್ಲಿ ಲೋವರ್ ಸ್ಯಾಕ್ಸನಿ ರಾಜ್ಯದ ಮುಖ್ಯಸ್ಥ ಎರ್ನ್ಸ್ಟ್ ಆಲ್ಬ್ರೆಕ್ಟ್, ಪೂರ್ವ ಜರ್ಮನಿಯ ಗಡಿಗೆ ಅಂಟಿದ ಗೋರ್ಲೆಬೆನ್ ಎಂಬ ಹಳ್ಳಿಯ ಉಪ್ಪಿನ ಗುಮ್ಮಟವನ್ನು ಆರಿಸಿದರು. ಮೂವತ್ತು ವರ್ಷಕ್ಕೂ ಮಿಕ್ಕಿ ರೈತರು ಟ್ರ್ಯಾಕ್ಟರ್ ತಂದು ದಾರಿ ಕಟ್ಟಿದರು. ಅದೇ ರಾಜ್ಯದ ಆಸ್ಸೆ ಎಂಬ ಉಪ್ಪಿನ ಗಣಿಯಲ್ಲಿ 1978ರವರೆಗೆ ಇಳಿಸಿದ ಸುಮಾರು 1,26,000 ತ್ಯಾಜ್ಯದ ಪೀಪಾಯಿಗಳಿದ್ದ ಕಡೆಗೆ ನೀರು ಒಸರತೊಡಗಿತು. 2013ರಲ್ಲಿ ಜರ್ಮನಿ ಹಠ ಬಿಟ್ಟು, ಬಿಳಿ ನಕ್ಷೆಯಿಂದ ಶುರುಮಾಡುತ್ತೇವೆ, ಕಲ್ಲಿನ ಗುಣ ಮೊದಲು, ಎಲ್ಲ ಲೆಕ್ಕ ಬಹಿರಂಗ ಎಂದು ಕಾಯ್ದೆ ಮಾಡಿತು. 2020ರ ಸೆಪ್ಟೆಂಬರಿನಲ್ಲಿ ಮೊದಲ ಪಟ್ಟಿ ಬಂದಾಗ ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಅದರಲ್ಲಿತ್ತು, ಗೋರ್ಲೆಬೆನ್ ಇರಲಿಲ್ಲ. ಭೂವಿಜ್ಞಾನದ ಕಾರಣಕ್ಕೇ ಬಿತ್ತು. ನಲವತ್ಮೂರು ವರ್ಷ "ವಿಜ್ಞಾನದ ವಿರೋಧಿಗಳು" ಎನಿಸಿಕೊಂಡ ರೈತರ ಪರವಾಗಿ ಕೊನೆಗೆ ನಿಂತದ್ದು ಕಲ್ಲೇ.

ಇನ್ನು ಕೆಲಸ ಆದ ಕಡೆ ನೋಡೋಣ. ಫಿನ್ಲೆಂಡಿನ 1987ರ ಕಾಯ್ದೆ ಸ್ಥಳೀಯ ಪುರಸಭೆಗೆ ಒಂದು ಹಕ್ಕು ಕೊಟ್ಟಿತು: ಬೇಡ ಎಂದರೆ ಮುಗಿಯಿತು, ಮೇಲ್ಮನವಿ ಇಲ್ಲ. ನಾಲ್ಕು ಜಾಗಗಳಲ್ಲಿ ಆಳವಾದ ಬೋರು ಕೊರೆದು ನೋಡಿದ ಮೇಲೆ ಯೂರಾಯೋಕಿ ಪುರಸಭೆಯ ಮುಂದೆ ಪ್ರಶ್ನೆ ಇಟ್ಟರು. 2000ದ ಜನವರಿಯಲ್ಲಿ 20 ಮತ ಪರ, 7 ವಿರೋಧ. ಮರುವರ್ಷ ಸಂಸತ್ತಿನಲ್ಲಿ 159ಕ್ಕೆ 3. 2004ರಿಂದ ಅಲ್ಲಿ ಓಂಕಲೊ ಎಂಬ ಸುರಂಗ ನಾನೂರು ಮೀಟರಿಗಿಂತ ಆಳಕ್ಕೆ ಇಳಿಯಿತು. ಯೂರಾಯೋಕಿಯ ಕಲ್ಲು ಫಿನ್ಲೆಂಡಿನಲ್ಲೇ ಶ್ರೇಷ್ಠ ಎಂದು ಯಾವ ಭೂವಿಜ್ಞಾನಿಯೂ ಹೇಳಬೇಕಾಗಲಿಲ್ಲ. ಸಾಕಷ್ಟು ಒಳ್ಳೆಯದು ಎಂದರು, ಅಷ್ಟೇ. ಊರಲ್ಲಿ ಮೊದಲೇ ಅಣುಸ್ಥಾವರವಿತ್ತು, ತೆರಿಗೆ ಬರುತ್ತಿತ್ತು, ಕೆಲಸ ಸಿಗುತ್ತಿತ್ತು. ಇದೂ ಅಪ್ಪಟ ರಾಜಕೀಯ, ಆದರೆ ಬಾಗಿಲು ತೆರೆದು ಮಾಡಿದ್ದು. ಸ್ವೀಡನ್ನಿನಲ್ಲಿ ಕೇಳದೆ ಬೋರು ಕೊರೆಯಲು ಹೋದಾಗ ಊರವರು ಅಡ್ಡ ಮಲಗಿದರು. ಆಮೇಲೆ ಕೇಳತೊಡಗಿದರು. ಸ್ಟೂರುಮನ್, ಮಲೊ ಎಂಬ ಎರಡು ಊರು 1990ರ ದಶಕದಲ್ಲಿ ಮತ ಹಾಕಿ ಬೇಡ ಎಂದವು. ಕಂಪನಿ ಗಂಟುಮೂಟೆ ಕಟ್ಟಿತು. 2009ರಲ್ಲಿ ಫೋರ್ಶ್‌ಮಾರ್ಕ್ ಆಯ್ಕೆಯಾಯಿತು, 2022ರಲ್ಲಿ ಸರ್ಕಾರದ ಒಪ್ಪಿಗೆ ಬಂತು.

ಆ ಎರಡು ದೇಶಗಳ ವಿಧಾನ ಓದುವಾಗ ನನಗೆ ಸಿರುಗುಪ್ಪದ ಹೊಲಗಳು ನೆನಪಾಗದೆ ಇರುವುದಿಲ್ಲ. ತ್ಯಾಜ್ಯ ತುಂಬಿದ ತಾಮ್ರದ ಡಬ್ಬಿಯ ಸುತ್ತ ಅವರು ಗಿಡಿಯುವುದು ಬೆಂಟೊನೈಟ್ ಜೇಡಿ. ನೀರು ತಾಗಿದರೆ ಉಬ್ಬಿ ಸಂದುಗೊಂದು ಮುಚ್ಚುವ ಮಣ್ಣು. ಅದನ್ನು ಉಬ್ಬಿಸುವ ಖನಿಜದ ವಂಶದ್ದೇ ನಮ್ಮ ಎರೆ ಭೂಮಿಯಲ್ಲೂ ಇರುವುದು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆ ಬಿದ್ದರೆ ಗಾಲಿ ಹೂತುಹೋಗುವ ಅಂಟು. ಅದೇ ಎರೆಗೆ ತುಂಗಭದ್ರಾ ಕಾಲುವೆ ನೀರು ಹರಿಸಿದಾಗ ಭತ್ತ ಬಂತು, ಹಿಂದೆಯೇ ಸವಳು ಜವಳೂ ಬಂತು. ನೀರು ಕೆಳಗಿಳಿಯದೆ ನಿಂತು ಉಪ್ಪನ್ನು ಮೇಲಕ್ಕೆ ತಂದಿತು. 1953ರಲ್ಲಿ ಅಣೆಕಟ್ಟಿನ ನೀರು ಬಿಟ್ಟಾಗಿನ ಸಂಭ್ರಮದಲ್ಲಿ ಈ ಲೆಕ್ಕಕ್ಕೆ ಜಾಗ ಸಿಕ್ಕಿರಲಿಲ್ಲ. ನೆಲದೊಳಗಿನ ನೀರು ಕಾಗದದ ಮೇಲೆ ಹೇಳಿದ ಹಾಗೆ ಕೇಳುವುದಿಲ್ಲ.

ಕುರುಗೋಡಿನ ಗುಡ್ಡಗಳ ಕಲ್ಲನ್ನು ಕೇಳಿ. ದೊಡ್ಡ ಬಸವೇಶ್ವರನ ಗುಡಿಯ ಹಿಂದೆ ಗುಂಡು ಗುಂಡಾಗಿ ಬಿದ್ದಿರುವ ಗ್ರಾನೈಟು ನೋಡಿದವರಿಗೆ ಇದಕ್ಕಿಂತ ಗಟ್ಟಿ ನೆಲ ಎಲ್ಲಿದೆ ಅನ್ನಿಸುತ್ತದೆ. ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಯೂರಾಯೋಕಿಯ ಕಲ್ಲಿಗಿಂತ ಹಳೆಯದು. ಮಳೆ ಕಡಿಮೆ. ಪುಸ್ತಕದ ಪ್ರಕಾರ ಎಲ್ಲ ಸರಿ. ಆದರೆ ರಿಗ್ಗಿನ ಪಕ್ಕ ನಿಂತವರು ಬೇರೆ ಕಂಡಿದ್ದಾರೆ. ಇನ್ನೂರು ಅಡಿ ಒಣ ಬಿಳಿ ಪುಡಿ, ಹ್ಯಾಮರಿನ ಸದ್ದು ಒಂದೇ ಸಮ. ಇದ್ದಕ್ಕಿದ್ದಂತೆ ರಾಡು ಒಂದು ಗೇಣು ಜಾರುತ್ತದೆ, ಸದ್ದು ಬದಲಾಗುತ್ತದೆ, ಡ್ರಿಲ್ಲರ್ "ಗ್ಯಾಪ್, ಗ್ಯಾಪ್" ಎಂದು ಕೂಗುತ್ತಾನೆ. ಪುಡಿ ಕೆಸರಾಗುತ್ತದೆ. ಗಟ್ಟಿ ಕಲ್ಲಿನ ನಡುವೆ ಅಂಗುಲದ ಬಿರುಕಿನಲ್ಲಿ ನೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೊರಟಿರುತ್ತದೆ. ನಮಗೆ ಅದು ಭಾಗ್ಯ. ತ್ಯಾಜ್ಯ ಹೂಳುವವರಿಗೆ ಅದೇ ಗಂಡಾಂತರ. ಕೋಲಾರವಂತೂ ನೂರಿಪ್ಪತ್ತು ವರ್ಷ ಅಗೆದ ಗಣಿ. ಕಲ್ಲು ಸಿಡಿದು ಕಾರ್ಮಿಕರು ಸತ್ತ ಗಣಿ. ಪಂಪು ನಿಂತ ಮೇಲೆ ನೀರು ತುಂಬಿದ ಗಣಿ. ಕಲ್ಲು ಶಾಖವನ್ನು ಹೇಗೆ ತಾಳುತ್ತದೆ ಎಂದು ಕಲಿಯಲು ಅದು ಒಳ್ಳೆಯ ಶಾಲೆ, ಹೂಳುವುದಕ್ಕೆ ಅಲ್ಲ. ಇಷ್ಟು ಮಾತನ್ನು ಪ್ರಯೋಗದ ದಿನಗಳಲ್ಲೇ ಊರಿಗೆ ಬಂದು ಹೇಳಿದ್ದರೆ 2012ರ ಗದ್ದಲಕ್ಕೆ ಅರ್ಧ ಸೌದೆ ಸಿಗುತ್ತಿರಲಿಲ್ಲ. ಹೇಳುವ ಪದ್ಧತಿಯೇ ಇರಲಿಲ್ಲ: 1962ರ ಅಣುಶಕ್ತಿ ಕಾಯ್ದೆಯ 18ನೇ ಕಲಂ ಮಾಹಿತಿ ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಧಾರಾಳವಾಗಿ ಕೊಟ್ಟಿತ್ತು.

ಮುಚ್ಚಿಟ್ಟದ್ದರ ದಂಡವನ್ನು ಬೇರೆಯವರೂ ತೆತ್ತರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಸುಳಿವು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಇದೇ ಕೋಲಾರದ ಗಣಿ ಒಂದು. ಆ ಪರಂಪರೆ ಮುಂದುವರಿಸಲು ತಮಿಳುನಾಡಿನ ಥೇಣಿ ಜಿಲ್ಲೆಯ ಪೊಟ್ಟಿಪುರಂನಲ್ಲಿ ಪ್ರಯೋಗಾಲಯ ಕಟ್ಟಲು ಹೊರಟಾಗ, ಬೆಟ್ಟದೊಳಗೆ ಅಣುತ್ಯಾಜ್ಯ ಇಡುತ್ತಾರೆ ಎಂಬ ಗುಲ್ಲು ಹಬ್ಬಿತು. ಅಲ್ಲ ಎಂದು ವಿಜ್ಞಾನಿಗಳು ಹಳ್ಳಿಹಳ್ಳಿಗೆ ಹೋಗಿ ಹೇಳಿದರು. ನಂಬಿಕೆ ಮೊದಲೇ ಖರ್ಚಾಗಿತ್ತು.

ಈ ತ್ಯಾಜ್ಯದ ಆಯಸ್ಸು ಎಷ್ಟು? ಸೀಸಿಯಂ-137 ಮೂವತ್ತು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಪ್ಲುಟೋನಿಯಂ-239 ಅರ್ಧವಾಗಲು 24,100 ವರ್ಷ ಬೇಕು. ಅಮೆರಿಕದಲ್ಲಿ 1981ರಲ್ಲಿ ಒಂದು ತಂಡ, ಹತ್ತು ಸಾವಿರ ವರ್ಷದ ನಂತರದ ಮನುಷ್ಯನಿಗೆ "ಇಲ್ಲಿ ಅಗೆಯಬೇಡ" ಎಂದು ಹೇಳುವುದು ಹೇಗೆ ಎಂದು ತಲೆಕೆಡಿಸಿಕೊಂಡಿತು. ಥಾಮಸ್ ಸೆಬೋಕ್ ಎಂಬ ವಿದ್ವಾಂಸರ ಸಲಹೆ: ಆಚರಣೆ, ಐತಿಹ್ಯ ಹುಟ್ಟುಹಾಕಿ; ಬರಹ ಅಳಿದರೂ ಕತೆ ಉಳಿಯುತ್ತದೆ.

ಇದರ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಆಗಲೇ ನಡೆದುಹೋಗಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ದಾಟಿದರೆ ದೊಡ್ಡದೊಂದು ಬೂದಿದಿಬ್ಬ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ಸಂಗನಕಲ್ಲು, ತೆಕ್ಕಲಕೋಟೆಯ ಗುಡ್ಡಗಳಲ್ಲಿ ಕಲ್ಲಿನ ಕೊಡಲಿ ಮಾಡಿಕೊಂಡು ದನ ಸಾಕುತ್ತಿದ್ದವರ ಕಾಲದ್ದು. ಹಂಪಿಯ ಹತ್ತಿರ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಕಂಪನಿ ಕಾಲದಿಂದ ಬಂದ ಸಾಹೇಬರೂ ಒಬ್ಬೊಬ್ಬರು ಒಂದೊಂದು ಹೇಳಿದರು: ಜ್ವಾಲಾಮುಖಿ, ಲೋಹದ ಕುಲುಮೆ, ಸಾಮೂಹಿಕ ದಹನ. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಅಳೆದ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿಯ ಬೂದಿ ಎಂದ. 1957ರಲ್ಲಿ ರಾಯಚೂರಿನಾಚೆ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತೇ ಸಿಕ್ಕಿತು. ಅಂದರೆ ಅದು ದನದ ದೊಡ್ಡಿಯ ತ್ಯಾಜ್ಯ, ಸುಟ್ಟು ಸುಟ್ಟು ಗುಡ್ಡೆಯಾದದ್ದು. ತ್ಯಾಜ್ಯ ಉಳಿಯಿತು, ಕತೆಯೂ ಉಳಿಯಿತು. ಏನು ಹೇಳಬೇಕಿತ್ತೋ ಅದೊಂದನ್ನು ಬಿಟ್ಟು. ಐತಿಹ್ಯ ದಿಬ್ಬವನ್ನು ಕಾಯಲೂ ಇಲ್ಲ: ಈ ಸೀಮೆಯ ಎಷ್ಟೋ ಬೂದಿದಿಬ್ಬಗಳು ಹೊಲಕ್ಕೆ ಗೊಬ್ಬರವಾಗಿ ಗಾಡಿಯಲ್ಲಿ ಹೋದವು. ಈಗ ಅದೇ ಕುಡತಿನಿಯಲ್ಲಿ 1,700 ಮೆಗಾವಾಟ್ ಉಷ್ಣಸ್ಥಾವರ ತನ್ನ ಕಲ್ಲಿದ್ದಲ ಬೂದಿಯನ್ನು ಗುಡ್ಡೆ ಹಾಕುತ್ತಿದೆ.

ನಾಲ್ಕು ಸಾವಿರ ವರ್ಷದ ಮಾತು ಹಾಗಿರಲಿ. ಇಲ್ಲಿ ಕಬ್ಬಿಣದ ಅದಿರಿನ ಭರಾಟೆ ಜೋರಾಗಿದ್ದಾಗ ಕರ್ನಾಟಕ-ಆಂಧ್ರ ಗಡಿಯ ಗುರುತುಗಳೇ ಮಾಯವಾದವು. ಗಡಿಯ ಮೇಲಿದ್ದ ಸುಗ್ಗಲಮ್ಮನ ಗುಡಿ ಸಿಡಿಮದ್ದಿಗೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಎರಡು ರಾಜ್ಯಗಳ ನಡುವಿನ ಗೆರೆ ಎಲ್ಲಿ ಎಂದು ಸರ್ವೆ ಆಫ್ ಇಂಡಿಯಾ ಮತ್ತೆ ಅಳೆಯಬೇಕಾಯಿತು. ಕಲ್ಲಿನ ಗುರುತನ್ನು ಒಂದು ತಲೆಮಾರು ಕಾಯಲಾಗದ ಆಡಳಿತಕ್ಕೆ ಹತ್ತು ಸಾವಿರ ವರ್ಷದ ಕಾವಲು ಒಪ್ಪಿಸುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಾರೆ.

ಆದರೂ "ನಮ್ಮಲ್ಲಿ ಬೇಡ" ಎಂದು ಕೂಗಿ ಮನೆಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕೈಗಾದ ನಾಲ್ಕು ಘಟಕಗಳ ಕರೆಂಟು ಸೇರುವ ಜಾಲದಿಂದಲೇ ಬಳ್ಳಾರಿಯ ಫ್ಯಾನೂ ತಿರುಗುತ್ತದೆ. ತ್ಯಾಜ್ಯ ಹುಟ್ಟಿಯಾಗಿದೆ, ಗಾಜು ತುಂಬಿದ ಡಬ್ಬಿಗಳು ತಾರಾಪುರದಂಥ ಕಡೆ ತಾತ್ಕಾಲಿಕ ಸಂಗ್ರಹಾಗಾರಗಳಲ್ಲಿ ತಣ್ಣಗಾಗಲು ಕಾದಿವೆ. ಇಂದಲ್ಲ ನಾಳೆ ಒಂದು ಆಳದ ಜಾಗ ಬೇಕು. ಅದು ಯಾವ ಸೀಮೆಯ ಕಲ್ಲಾದರೂ ಸರಿ, ಕ್ರಮ ಹೀಗಿರಲಿ: ಬೇಡ ಎನ್ನುವ ಹಕ್ಕು ಮೊದಲು ಕಾನೂನಿನಲ್ಲಿ ಬರಲಿ, ರಿಗ್ಗು ಆಮೇಲೆ ಬರಲಿ. ಒಂದೇ ಜಾಗವಲ್ಲ, ನಾಲ್ಕು ಜಾಗ ಅಳೆಯಲಿ. ಪ್ರತಿ ಬೋರಿನ ಲಾಗ್, ಎಷ್ಟನೇ ಅಡಿಗೆ ಗ್ಯಾಪು ಬಂತು ಎಂಬುದು ಸಹಿತ, ಆ ಊರಿನ ಪಂಚಾಯ್ತಿ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಲಿ. ಅದನ್ನು ನಿಂತು ಓದುವ ಹೊಣೆ ನಮ್ಮದು. ಓದಿದ ಮೇಲೆ ಬೇಡ ಎಂದರೆ ಆ ಬೇಡಕ್ಕೆ ತೂಕವಿರುತ್ತದೆ, ಆಗಲಿ ಎಂದರೆ ಆ ಒಪ್ಪಿಗೆಗೂ.